ನರಕ ಶಾಶ್ವತವೋ, ಬಿಡುಗಡೆ ಉಂಟೋ?

ನರಕದ ಬಗ್ಗೆ ಟಿಪ್ಪಣಿ ಬರೆಯುವಾಗ ಕುರ್‌ಆನಿನಲ್ಲಿ ‘ನರಕದಲ್ಲಿ ಸದಾಕಾಲ’ ಅಂತಲೂ ಹದೀಸಿನಲ್ಲಿ (ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿ) ‘ಕೊನೆಗೆ ಹೊರತೆಗೆಯುತ್ತಾರೆ’ ಅಂತಲೂ ಓದಿ ನಿಮಗೆ ವಿರೋಧಾಭಾಸ ಕಂಡಿದೆ. ಬಹುಶಃ ಅವಿಶ್ವಾಸಿ ಮತ್ತು ಪಾಪ ಮಾಡಿದ ವಿಶ್ವಾಸಿ, ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ.

ಮೊದಲು ಕುರ್‌ಆನಿನ 4:48 (4ನೇ ಅಧ್ಯಾಯ, 48ನೇ ವಚನ) ನೋಡಿ. ಶಿರ್ಕ್, ಅಂದರೆ ದೇವರಿಗೆ ಸರಿಸಾಟಿ ಕಲ್ಪಿಸುವುದಕ್ಕೆ, ಕ್ಷಮೆಯಿಲ್ಲ. ಉಳಿದದ್ದನ್ನು ಅಲ್ಲಾಹನು ತಾನು ಬಯಸಿದವರಿಗೆ ಕ್ಷಮಿಸುತ್ತಾನೆ. ಆಮೇಲೆ ಬುಖಾರಿ ಎಂಬ ಹದೀಸು ಸಂಗ್ರಹದ ಒಂದು ಹದೀಸು: ಸಾಸಿವೆ ಕಾಳಿನಷ್ಟು ವಿಶ್ವಾಸವಿದ್ದವರನ್ನೂ ಬೆಂಕಿಯಿಂದ ತೆಗೆಯುತ್ತಾರೆ, ಸುಟ್ಟು ಕಪ್ಪಾದ ಅವರನ್ನು ಜೀವನದಿಗೆ ಹಾಕಿದಾಗ, ಪ್ರವಾಹದ ದಡದ ಬೀಜದಂತೆ ಹಳದಿಯಾಗಿ, ಸುರುಳಿಯಾಗಿ ಚಿಗುರುತ್ತಾರೆ. ಸುನ್ನಿ ಮುಖ್ಯಧಾರೆ ನಿಂತಿರುವುದು ಇಲ್ಲೇ. ಆದರೆ ತರ್ಕಕ್ಕೆ ಒತ್ತು ಕೊಟ್ಟ ಹಳೆಯ ಪಂಥವಾದ ಮುಅ್ತಝಿಲಾದವರು ಪಶ್ಚಾತ್ತಾಪಪಡದೆ ಸತ್ತ ಘೋರಪಾಪಿಗೂ ಬಿಡುಗಡೆಯಿಲ್ಲ ಎಂದರು.

ನಂತರ 11:107 ಮತ್ತು 108ನ್ನು ಅಕ್ಕಪಕ್ಕ ಇಟ್ಟು ಓದಿ. ಎರಡರಲ್ಲೂ ‘ನಿನ್ನ ಪ್ರಭು ಬಯಸಿದ್ದರ ಹೊರತು’ ಎಂದಿದೆ. ಸ್ವರ್ಗದ ವಚನ ಮಾತ್ರ ‘ಕಡಿದುಹೋಗದ ಕೊಡುಗೆ’ ಎಂದು ಮುಗಿಯುತ್ತದೆ. ನರಕಕ್ಕೆ ಆ ಮಾತಿಲ್ಲ! ಈ ವ್ಯತ್ಯಾಸವನ್ನೂ ಹಿಡಿದು, ನರಕದ ಬೆಂಕಿಯೇ ಒಂದು ದಿನ ಆರಬಹುದು ಎಂಬ ವಾದವನ್ನು 14ನೇ ಶತಮಾನದಲ್ಲಿ ವಿದ್ವಾಂಸ ಇಬ್ನುಲ್ ಖಯ್ಯಿಮ್ ವಿಸ್ತಾರವಾಗಿ ಬರೆದರು. ಅದೇ ಕಾಲದ ವಿದ್ವಾಂಸ ತಖಿಯುದ್ದೀನ್ ಸುಬ್ಕಿ ಈ ವಾದವನ್ನು ಖಂಡಿಸಿದರು. ಇಬ್ನುಲ್ ಖಯ್ಯಿಮರ ಗುರು ಇಬ್ನ್ ತೈಮಿಯಾರ ಕೊನೆಯ ನಿಲುವಿನ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ, ಆದ್ದರಿಂದ ಅವರ ಹೆಸರಿನಲ್ಲಿ ಖಚಿತವಾಗಿ ಏನೂ ಬರೆಯಬೇಡಿ.

ಗೋರಿಯ ಶಿಕ್ಷೆಯನ್ನು ಇದಕ್ಕೆ ಬೆರೆಸಬೇಡಿ. ಅದು ಬರ್ಝಖ್, ಅಂದರೆ ಸಾವಿನ ನಂತರ, ತೀರ್ಪಿನ ದಿನಕ್ಕೂ ಮುಂಚಿನ ಹಂತ. ಈಗ ನಿಮ್ಮ ಟಿಪ್ಪಣಿಯ ಪ್ರತಿ ಉಲ್ಲೇಖದ ಪಕ್ಕ ‘ಯಾರಿಗೆ, ಯಾವ ಹಂತದಲ್ಲಿ’ ಎಂದು ಗುರುತು ಹಾಕಿಕೊಳ್ಳಿ.