ಚುಸೊಕ್ ರಜೆಯಲ್ಲಿ ಸೋಲ್: ನೋಡೋದು ಮೊದಲು, ಕೊಳ್ಳೋದು ಆಮೇಲೆ

ಪತ್ರ: ನಾವಿಬ್ಬರೂ 2026ರ ಸೆಪ್ಟೆಂಬರ್ 24ರಿಂದ 29ರವರೆಗೆ ದಕ್ಷಿಣ ಕೊರಿಯಾದ ಸೋಲ್‌ಗೆ ಹೊರಟಿದ್ದೇವೆ. ವೀಸಾ ಬಂದಿದೆ, ವಿಮಾನದ ಟಿಕೆಟೂ ಆಗಿದೆ. ಆಮೇಲೆ ಗೊತ್ತಾಯ್ತು, ಅದು ಚುಸೊಕ್ ಹಬ್ಬದ ರಜೆಯಂತೆ. ಊರೆಲ್ಲ ಬಾಗಿಲು ಹಾಕಿರುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಕೈಯಲ್ಲಿ ದುಡ್ಡು ಕಮ್ಮಿ. ಇಬ್ಬರೂ ಸಸ್ಯಾಹಾರಿಗಳು. ಅತ್ತೆಗೆ ಏನಾದರೂ ತರಲೇಬೇಕು. ಟಿಕೆಟ್ ರದ್ದು ಮಾಡೋದಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ರದ್ದು ಮಾಡಬೇಡಿ. ನಿಮ್ಮ ನೆಂಟರು ಹೇಳಿದ್ದು ಅರ್ಧ ನಿಜ. ಬಾಗಿಲು ಹಾಕೋದು ಅಂಗಡಿಗಳು. ಅರಮನೆಗಳು ತೆರೆದೇ ಇರುತ್ತವೆ, ಅದೂ ಬಿಟ್ಟಿಯಾಗಿ. ಹಾಗಾಗಿ ರಜೆಯ ದಿನಗಳಲ್ಲಿ ಊರು ನೋಡಿ, ರಜೆ ಮುಗಿದ ಮೇಲೆ ಚೀಲ ಹಿಡಿದು ಹೊರಡಿ.

ಚುಸೊಕ್ ಬರೋದು ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಗೆ. ಈ ಸಲ ಸೆಪ್ಟೆಂಬರ್ 25, ಶುಕ್ರವಾರ. ಹಿಂದಿನ ದಿನ, ಮರುದಿನ ಸೇರಿ ಮೂರು ದಿನ ರಜೆ. ನಮ್ಮಲ್ಲಿ ಭಾದ್ರಪದದ ಹುಣ್ಣಿಮೆ ಮುಗಿದು ಪಿತೃಪಕ್ಷ ಶುರುವಾಗುವ ಹೊತ್ತು ಅದು. ಅಲ್ಲೂ ಅಷ್ಟೇ, ಜನ ಹುಟ್ಟೂರಿಗೆ ಹೋಗಿ ಹಿರಿಯರಿಗೆ ಎಡೆ ಇಡುತ್ತಾರೆ, ಸಮಾಧಿಯ ಸುತ್ತ ಬೆಳೆದ ಹುಲ್ಲು ಸವರುತ್ತಾರೆ. ರೈಲಿನ ಟಿಕೆಟ್ ವಾರಗಳ ಮುಂಚೆಯೇ ಖಾಲಿ, ಹೆದ್ದಾರಿಯಲ್ಲಿ ಗಾಡಿಗಳು ತೆವಳುತ್ತವೆ. ಆದ್ದರಿಂದ ಬೂಸಾನ್, ಗ್ಯೊಂಗ್ಜು ಅಂತ ದೂರದ ಊರುಗಳಿಗೆಲ್ಲ ಈ ಸಲ ಆಸೆ ಪಡಬೇಡಿ. ಸೋಲ್‌ನಲ್ಲೇ ಇರಿ.

ಗ್ಯೊಂಗ್‌ಬೊಕ್‌ಗುಂಗ್ ಅರಮನೆ 1395ರದ್ದು. ಮಾಮೂಲಿ ದಿನ ಟಿಕೆಟ್ 3000 ವಾನ್. ಸಾವಿರ ವಾನ್ ಅಂದರೆ ನಮ್ಮ ಅರವತ್ತು ಚಿಲ್ಲರೆ ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಚುಸೊಕ್ ರಜೆಯಲ್ಲಿ ಸಾಮಾನ್ಯವಾಗಿ ಇದಕ್ಕೂ, ಉಳಿದ ಮೂರು ಅರಮನೆಗಳಿಗೂ ಟಿಕೆಟ್ ಇರಲ್ಲ. ಅವುಗಳಲ್ಲೊಂದಾದ ಚಾಂಗ್‌ಡೊಕ್‌ಗುಂಗ್‌ನ ಹಿತ್ತಲ ತೋಟಕ್ಕೆ ಮಾತ್ರ ಬೇರೆ ದುಡ್ಡು. ಹತ್ತು ಗಂಟೆಯ ಕಾವಲುಗಾರರ ಪಾಳಿ ಬದಲಾವಣೆಗೆ ಸ್ವಲ್ಪ ಮುಂಚೆಯೇ ಗ್ಯೊಂಗ್‌ಬೊಕ್‌ಗುಂಗ್‌ನ ಗ್ವಾಂಗ್‌ಹ್ವಾಮುನ್ ಬಾಗಿಲಿನ ಹತ್ತಿರ ನಿಂತಿರಿ. ಕೊರಿಯಾದ ಸಾಂಪ್ರದಾಯಿಕ ಉಡುಗೆ ಹಾನ್‌ಬೊಕ್ ಉಟ್ಟವರಿಗೆ ಅರಮನೆ ವರ್ಷವಿಡೀ ಉಚಿತ ಅನ್ನೋದನ್ನು ನೀವೂ ಕೇಳಿರುತ್ತೀರಿ. ಆದರೆ ಎಲ್ಲರಿಗೂ ಉಚಿತವಾದ ದಿನ ಟಿಕೆಟ್ ಉಳಿಸೋಕೆ ಅಂತ ಬಾಡಿಗೆ ಬಟ್ಟೆ ತೊಡೋದು ಎಂಥ ಲೆಕ್ಕ? ಫೋಟೋ ಆಸೆ ಇದ್ದರೆ ಸರಿ, ಅದು ಬೇರೆ ಮಾತು.

ಪಕ್ಕದ ಬುಕ್‌ಚೊನ್‌ನ ಹಳೇ ಮನೆಗಳ ಬೀದಿಗೆ ಹೋಗೋದಾದರೆ ಬೆಳಗ್ಗೆ 10ರಿಂದ ಸಂಜೆ 5ರೊಳಗೆ ಹೋಗಿ. ಅಲ್ಲಿನ ಮನೆಗಳಲ್ಲಿ ಜನ ವಾಸವಾಗಿದ್ದಾರೆ. ಪ್ರವಾಸಿಗರ ಗಲಾಟೆ ತಾಳಲಾರದೆ ಹೊತ್ತು ಗೊತ್ತುಮಾಡಿದ್ದಾರೆ, ಮೀರಿದರೆ ಲಕ್ಷ ವಾನ್ ದಂಡ. ಹುಣ್ಣಿಮೆ ರಾತ್ರಿ ನಕ್ಸಾನ್ ಗುಡ್ಡ ಹತ್ತಿ. ಹಳೇ ಕೋಟೆಗೋಡೆ ಅಲ್ಲಿ ಹಾದುಹೋಗುತ್ತದೆ. ಚಂದ್ರನೂ ಕಾಣುತ್ತಾನೆ, ಊರಿನ ದೀಪಗಳೂ ಕಾಣುತ್ತವೆ, ಪೈಸೆ ಖರ್ಚಿಲ್ಲ.

ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಆದರೆ ಹಬ್ಬದ ದಿನ, ಅಂದರೆ 25ಕ್ಕೆ, ಮುಚ್ಚಿರುತ್ತದೆ. ಭಾನುವಾರ 27ಕ್ಕೆ ಇಟ್ಟುಕೊಳ್ಳಿ. ಬೇರೇನೂ ನೋಡದಿದ್ದರೂ ಎರಡನೇ ಮಹಡಿಯ ಒಂದು ಮಬ್ಬುಗತ್ತಲೆ ಕೋಣೆ ನೋಡಿ. ಒಳಗೆ ಎರಡೇ ವಿಗ್ರಹ. ಚಿನ್ನದ ಲೇಪದ ಕಂಚಿನ ಬೋಧಿಸತ್ವರು, ಸುಮಾರು 1400 ವರ್ಷ ಹಳೆಯವರು. ಬಲಗಾಲನ್ನು ಎಡತೊಡೆಯ ಮೇಲಿಟ್ಟು, ಬೆರಳ ತುದಿಯನ್ನು ಕೆನ್ನೆಗೆ ತಾಗಿಸಿ ಯೋಚಿಸುತ್ತಾ ಕೂತಿದ್ದಾರೆ. ತುಟಿಯಲ್ಲಿ ನಗು ಇದೆಯೋ ಇಲ್ಲವೋ ಅನ್ನುವಷ್ಟು. ಗಾಜಿನ ಪೆಟ್ಟಿಗೆ ಇಲ್ಲ, ಹಿಂದಕ್ಕೂ ಹೋಗಿ ನೋಡಬಹುದು.

ಓಡಾಟಕ್ಕೆ 'ಕ್ಲೈಮೇಟ್ ಕಾರ್ಡ್' ತಗೊಳ್ಳಿ. ಐದು ದಿನದ್ದು 15,000 ವಾನ್, ಕಾರ್ಡಿಗೆ ಬೇರೆ 3000. ಸೋಲ್ ಒಳಗೆ ಮೆಟ್ರೊ, ಸಿಟಿ ಬಸ್ ಎಷ್ಟು ಸಲ ಬೇಕಾದರೂ ಹತ್ತಿಳಿಯಬಹುದು. ರೀಚಾರ್ಜ್‌ಗೆ ನಗದು ಇಟ್ಟುಕೊಂಡಿರಿ. ವಿಮಾನ ನಿಲ್ದಾಣದಿಂದ ಬರುವಾಗ ಎಕ್ಸ್‌ಪ್ರೆಸ್ ಬೇಡ, ಎಲ್ಲ ಕಡೆ ನಿಲ್ಲುವ ರೈಲು ಸಾಕು. ನಡೆಯೋ ದಾರಿಗೆ ಫೋನಿಗೆ ಕೊರಿಯಾದ್ದೇ ಆದ ನಾವೆರ್ ಮ್ಯಾಪ್ ಹಾಕಿಕೊಳ್ಳಿ.

ಊಟದ್ದೇ ನಿಮಗೆ ನಿಜವಾದ ಕಷ್ಟ. ಅಲ್ಲಿನ ಉಪ್ಪಿನಕಾಯಿಯಂಥ ಕಿಮ್ಚಿ ನೋಡೋಕೆ ಬರೀ ಕೋಸು, ಒಳಗೆ ಮೀನಿನ ಸಾರವೋ ಒಣಸಿಗಡಿಯೋ ಇರುತ್ತದೆ. ನೂಡಲ್ಸ್‌ನ ತಿಳಿಸಾರು ಹೆಚ್ಚಾಗಿ ಒಣಮೀನಿನದು. ಅನ್ನಕ್ಕೆ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್‌ನಲ್ಲಿ ಮಾಂಸ ಬೇಡ, ಮೊಟ್ಟೆ ಬೇಡ ಅಂತ ಕೊರಿಯನ್‌ನಲ್ಲಿ ಬರೆಸಿಕೊಂಡು ಫೋನಿನಲ್ಲಿ ತೋರಿಸಿ. ಗ್ವಾಂಗ್‌ಜಾಂಗ್ ಮಾರುಕಟ್ಟೆಯ ತಿಂಡಿ ಸಾಲಿನಲ್ಲಿ ಹೆಸರುಬೇಳೆಯನ್ನು ಬೀಸುಕಲ್ಲಲ್ಲಿ ಅರೆದು, ಮೊಳಕೆ ಕಲಸಿ, ಎಣ್ಣೆ ತೇಲುವ ಕಾವಲಿಯಲ್ಲಿ ದಪ್ಪಗೆ ಬೇಯಿಸುತ್ತಾರೆ. ಬಿಂದೆತ್ತೊಕ್ ಅಂತ. ನಮ್ಮ ಪೆಸರಟ್ಟಿನ ದಡೂತಿ ಅಣ್ಣ. ಕೆಲವರು ಹಂದಿಮಾಂಸ, ಕಿಮ್ಚಿ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಹಬ್ಬದ ದಿನ ಹೋಟೆಲ್ ಸಿಗದಿದ್ದರೆ ಸಿಯು, ಜಿಎಸ್25 ಅನ್ನೋ ಚಿಕ್ಕ ತಿಂಡಿ-ದಿನಸಿ ಅಂಗಡಿಗಳು ತೆರೆದೇ ಇರುತ್ತವೆ. ಎಂಟಿಆರ್ ಪೊಟ್ಟಣ ನಾಲ್ಕು ಒಯ್ದರೆ ನಾಚಿಕೆ ಏನಿಲ್ಲ.

ಈಗ ಶಾಪಿಂಗ್. ನಾಮ್‌ದೆಮುನ್ ಮಾರುಕಟ್ಟೆ ಹಬ್ಬಕ್ಕೆ ಮುಚ್ಚುತ್ತದೆ, ಭಾನುವಾರವೂ ಹೆಚ್ಚಿನ ಅಂಗಡಿ ತೆಗೆಯಲ್ಲ. ಹಾಗಾಗಿ ನಿಮಗೆ ಉಳಿದದ್ದು ಸೋಮವಾರ 28. ಒಳ್ಳೆಯದೇ ಆಯ್ತು ಬಿಡಿ, ಒಂದೇ ದಿನ ಇದ್ದರೆ ಪರ್ಸ್ ಕೂಡ ಹಿಡಿತದಲ್ಲಿರುತ್ತದೆ. ಅಂಗಡಿ ಬೀದಿಗಳ ಮ್ಯೊಂಗ್‌ಡೊಂಗ್ ಅಲ್ಲಿಂದ ನಡೆಯುವಷ್ಟು ದೂರ. ಅಲ್ಲಿ ಹನ್ನೆರಡು ಮಹಡಿಯ ಡೈಸೊ ಅಂಗಡಿಯಿದೆ. ಅಲ್ಲಿ ಯಾವ ಸಾಮಾನಿಗೂ 5000 ವಾನ್ ಮೀರಲ್ಲ, ಮುಖಕ್ಕೆ ಹಚ್ಚುವ ಕ್ರೀಮಿಗೂ ಅಷ್ಟೇ. ಮೊದಲು ಅಲ್ಲಿ ನೋಡಿ, ಸಿಗದಿದ್ದರೆ ಸೌಂದರ್ಯ ಸಾಮಗ್ರಿಯ ಅಂಗಡಿ ಆಲಿವ್ ಯಂಗ್‌ಗೆ ಹೋಗಿ. ಪಾಸ್‌ಪೋರ್ಟ್ ಜೊತೆಗಿರಲಿ. ತೆರಿಗೆ ವಾಪಸ್ ಕೊಡುವ ಅಂಗಡಿಗಳಲ್ಲಿ ಒಂದೇ ಬಿಲ್ 15,000 ವಾನ್ ಮುಟ್ಟಿದರೆ ಒಂದಿಷ್ಟು ತೆರಿಗೆ ಮರಳಿ ಬರುತ್ತದೆ. ಎಷ್ಟೋ ಕಡೆ ಬಿಲ್ಲಿನಲ್ಲೇ ಕಳೆಯುತ್ತಾರೆ. ಚಿಕ್ಕಪುಟ್ಟದ್ದನ್ನು ಇಬ್ಬರೂ ಬೇರೆ ಬೇರೆ ಬಿಲ್ ಮಾಡಿಸಬೇಡಿ.

ಅತ್ತೆಗೆ ಏನು ಅಂದಿರಲ್ಲ? ಚುಸೊಕ್‌ಗೆಂದು ಜೋಡಿಸಿಟ್ಟ ಉಡುಗೊರೆ ಪೆಟ್ಟಿಗೆಗಳು ಅಂಗಡಿಗಳಲ್ಲಿ ಚೆಂದ ಕಾಣುತ್ತವೆ. ಮರುಳಾಗಬೇಡಿ. ಎಷ್ಟೋ ಪೆಟ್ಟಿಗೆಗಳ ಒಳಗಿರೋದು ಡಬ್ಬದ ಹಂದಿಮಾಂಸ, ಟ್ಯೂನಾ ಮೀನು, ಅಡುಗೆ ಎಣ್ಣೆ. ನಾಮ್‌ದೆಮುನ್‌ನ ಪಾತ್ರೆ ಅಂಗಡಿಗಳಲ್ಲಿ ಉದ್ದ ಹಿಡಿಯ ಸ್ಟೀಲ್ ಚಮಚಗಳು ಸಿಗುತ್ತವೆ. ಅರ್ಧ ಡಜನ್ ತನ್ನಿ. ಉಪ್ಪಿನಕಾಯಿ ಜಾಡಿಯ ತಳ ಮುಟ್ಟೋಕೆ ಅದಕ್ಕಿಂತ ಒಳ್ಳೆಯದು ಇಲ್ಲ.