ಸಂಪಾದಕರ ಉತ್ತರ: ಹೊಸ ದನಿಗೆ ಯಾವ ಶ್ರುತಿ?

ರಾಜಾಜಿನಗರದ ಓದುಗರೊಬ್ಬರು ಬರೆದಿರುವ ನಾಲ್ಕು ಪುಟಗಳ ಪತ್ರದ ಸಾರಾಂಶ ಇದು. 1986ರಲ್ಲಿ 34 ಜನರೊಂದಿಗೆ ಆರಂಭವಾದ ಅವರ ಭಾವಗೀತೆಗಳ ಸಮೂಹ ಗಾಯನ ವೃಂದದಲ್ಲಿ ಈಗ ಉಳಿದಿರುವವರು 13 ಮಂದಿ. ಅವರಲ್ಲಿ ಎಲ್ಲರಿಗಿಂತ ಕಿರಿಯರಿಗೆ 61 ವರ್ಷ. ಪ್ರತಿ ಬುಧವಾರ ಸಂಜೆ ನಾಲ್ಕಕ್ಕೆ ಅಭ್ಯಾಸ. ಮೂರು ವರ್ಷ ಹತ್ತಿರದ ಕಾಲೇಜುಗಳಲ್ಲಿ ಭಿತ್ತಿಪತ್ರ ಅಂಟಿಸಿದ ಮೇಲೆ ಇಬ್ಬರು ಹುಡುಗಿಯರು ಬಂದರು, ಮೂರನೆಯ ವಾರಕ್ಕೆ ನಿಂತರು. "ಈಗಿನವರಿಗೆ ಭಾವಗೀತೆ ಬೇಡವಾಗಿದೆ. ವೃಂದವನ್ನು ಮರ್ಯಾದೆಯಿಂದ ಮುಚ್ಚಿಬಿಡುವುದೇ ಲೇಸಲ್ಲವೆ?" ಎಂಬುದು ಅವರ ಪ್ರಶ್ನೆ.

ಮಾನ್ಯರೆ,

ಮುಚ್ಚುವ ಮಾತನ್ನು ಸದ್ಯಕ್ಕೆ ಬದಿಗಿಡೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದೇನೆಂದರೆ, ನೀವು ಹುಡುಕುತ್ತಿರುವ ಜನರೇ ಬೇರೆ, ನಿಮಗೆ ಸಿಗಬಹುದಾದ ಜನರೇ ಬೇರೆ. ಅರವತ್ತೆಂಟರ ಸರಾಸರಿಯ ವೃಂದವೊಂದು ಇಪ್ಪತ್ತರ ಹುಡುಗಿಯನ್ನು ಕರೆದು ತಂದರೆ, ಅವಳು ಅಲ್ಲಿ ಮೊಮ್ಮಗಳಾಗಿ ಕೂರಬೇಕೇ ಹೊರತು ಜೊತೆಗಾತಿಯಾಗಿ ಅಲ್ಲ. ಅವಳಿಗೆ ಪರೀಕ್ಷೆ, ಆಮೇಲೆ ಕೆಲಸ, ಆಮೇಲೆ ಬೇರೆ ಊರು. ಎರಡು ವರ್ಷ ಉಳಿದರೂ ಹೆಚ್ಚು. ನಿಮಗೆ ಬೇಕಾದವರು ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರು.

ಅಂಥವರು ನಿಮ್ಮ ಬಡಾವಣೆಯಲ್ಲೇ ಬೇಕಾದಷ್ಟಿದ್ದಾರೆ. ಬೆಂಗಳೂರಿನ ಹಳೆಯ ಬಡಾವಣೆಗಳ ಮಧ್ಯಮವರ್ಗದ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಸಂಗೀತದ ಪಾಠಕ್ಕೆ ಕಳಿಸಿ, ಜೂನಿಯರ್ ಪರೀಕ್ಷೆ ಮುಗಿಯುತ್ತಲೇ ಎಸ್ಸೆಸ್ಸೆಲ್ಸಿಯ ನೆಪದಲ್ಲಿ ನಿಲ್ಲಿಸಿಬಿಡುವುದು ವಾಡಿಕೆಯೇ ಆಗಿತ್ತು. ಸರಳೆ, ಜಂಟಿ, ಅಲಂಕಾರ, ಹತ್ತಾರು ಕೃತಿ ಕಲಿತ ಆ ಗಂಟಲುಗಳು ಮದುವೆ, ಮಕ್ಕಳು, ನೌಕರಿ ಎಂದು ಇಪ್ಪತ್ತೈದು ವರ್ಷ ಸುಮ್ಮನಿದ್ದು, ಈಗ ಮಕ್ಕಳು ಹಾಸ್ಟೆಲ್ಲಿಗೆ ಹೋದ ಮೇಲೆ ಅಡಿಗೆಮನೆಯಲ್ಲಿ ಗುನುಗುತ್ತಿವೆ. ಗಂಡಸರ ಕಥೆ ಬೇರೆ: ಅವರಲ್ಲಿ ಪಾಠ ಹೇಳಿಸಿಕೊಂಡವರು ಕಡಿಮೆ, ಕೇಳಿ ಕಲಿತವರು ಹೆಚ್ಚು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಸಿದಾಗ ಕಿಕ್ಕಿರಿದು ನೆರೆದವರಲ್ಲಿ ಕಾಲೇಜು ಹುಡುಗರಾಗಿದ್ದವರಿಗೆ ಈಗ ನಲವತ್ತು ದಾಟಿದೆ. ಭಾವಗೀತೆ ಬೇಡವಾದ ತಲೆಮಾರು ಎಂದು ಅವರನ್ನು ಹೇಗೆ ಕರೆಯುವುದು? ಅವರನ್ನು ಯಾರೂ ಕರೆದಿಲ್ಲ, ಅಷ್ಟೆ. ಕರೆದರೂ ಬುಧವಾರ ಸಂಜೆ ನಾಲ್ಕಕ್ಕೆ ಅವರು ಕಚೇರಿಯಲ್ಲಿರುತ್ತಾರೆ.

ವೇಳೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಸಂಜೆ ನಾಲ್ಕು ಎಂಬುದು ನಿವೃತ್ತರ ವೇಳೆ. 2023ರ ಅಕ್ಟೋಬರಿನಿಂದ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೂ ಓಡುತ್ತಿದ್ದು, ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರೆ ನಿಮ್ಮ ರಾಜಾಜಿನಗರ ನಿಲ್ದಾಣಕ್ಕೆ ಬಂದಿಳಿಯಬಹುದು, ನಿಜ. ಆದರೆ ಹಾಗೆ ಬಂದಿಳಿಯುವವರು ರಾತ್ರಿ ಎಂಟಕ್ಕೆ ಇಳಿಯುತ್ತಾರೆ, ಇಳಿದವರಿಗೆ ಹಾಡುವ ಉಸಿರು ಉಳಿದಿರುವುದಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು, ಆಮೇಲೆ ತಿಂಡಿ. ನಿಮ್ಮ ಹಿರಿಯರಿಗೂ ಬೆಳಗಿನ ಹೊತ್ತು ಕಷ್ಟವಾಗಲಾರದು. ಅವರು ಹೇಗೂ ಐದಕ್ಕೇ ಎದ್ದಿರುತ್ತಾರೆ.

ಇನ್ನು, ನೀವು ಅಷ್ಟಾಗಿ ಗಮನಿಸದೆ ಬರೆದಿರುವ ಒಂದು ಸಾಲಿಗೆ ಬರುತ್ತೇನೆ. "ನಮ್ಮ ಶ್ರುತಿ ಈಗ ಮೂರು ಮನೆಗೆ ಬಂದು ನಿಂತಿದೆ, ಎಲ್ಲರಿಗೂ ಅದೇ ಹಿತ" ಎಂದು ಮೂರನೆಯ ಪುಟದಲ್ಲಿ ಬರೆದಿದ್ದೀರಿ. (ಹಾಡಿಗೆ ಆಧಾರವಾಗುವ ಶ್ರುತಿಯನ್ನು ಹಾರ್ಮೋನಿಯಂನ ಮನೆಗಳಿಂದ, ಅಂದರೆ ಕೀಲಿಗಳಿಂದ, ಎಣಿಸುತ್ತಾರೆ; ಅಂಕಿ ಏರಿದಷ್ಟೂ ಶ್ರುತಿ ಎತ್ತರ.) ಆ ಹುಡುಗಿಯರು ಹೋದದ್ದಕ್ಕೆ ಅರ್ಧ ಕಾರಣ ಇಲ್ಲಿದೆ ಎಂದು ನನ್ನ ಅನುಮಾನ. ಸಾಮಾನ್ಯವಾಗಿ ಗಂಡಸರ ಶ್ರುತಿ ಒಂದು ಮನೆಯ ಆಸುಪಾಸು, ಹೆಂಗಸರದು ಐದು, ಐದೂವರೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಹೆಂಗಸರ ಧ್ವನಿತಂತುಗಳು ದಪ್ಪಗಾಗಿ ದನಿ ಇಳಿಯುತ್ತದೆ. ಗಂಡಸರಲ್ಲಿ ಅವು ತೆಳುವಾಗಿ ದನಿ ತುಸು ಏರುತ್ತದೆ. ಹೀಗೆ ಮೇಲಿನವರು ಇಳಿದು ಕೆಳಗಿನವರು ಹತ್ತಿ ನಡುದಾರಿಯಲ್ಲಿ ಸಂಧಿಸುತ್ತಾರೆ. ಅದೇ ನಿಮ್ಮ ಮೂರು ಮನೆ. ನಲವತ್ತು ವರ್ಷ ಒಟ್ಟಿಗೆ ಹಾಡಿದವರಿಗೆ ಇದು ತಾನಾಗಿ ಒದಗಿಬಂದ ಅನುಕೂಲ. ಆದರೆ ಐದೂವರೆಯ ಗಂಟಲಿನ ಹುಡುಗಿಗೆ ಇದೇ ಶಿಕ್ಷೆ. ಕೆಳಗೆ ಹಾಡಿದರೆ ಮಂದ್ರದಲ್ಲಿ ಅವಳ ದನಿ ಅವಳಿಗೇ ಕೇಳಿಸದು, ಒಂದು ಸ್ಥಾಯಿ ಮೇಲೆ ಹಾಡಿದರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ತನಗೆ ಹಾಡು ಬರುವುದಿಲ್ಲವೆಂದು ತಿಳಿದುಕೊಂಡು ಅವಳು ಮನೆಗೆ ಹೋದಳು. ಅವಳಿಗೆ ಹಾಡು ಬೇಡವೆಂದು ನೀವು ತಿಳಿದುಕೊಂಡಿರಿ.

ನಲವತ್ತೈದರ ಹೆಣ್ಣುಮಗಳಿಗೂ ಇದೇ ತೊಡಕು, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಆದ್ದರಿಂದ ಅಭ್ಯಾಸದ ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆಯನ್ನು ಐದು ಮನೆಯ ಶ್ರುತಿಗೆ ಬಿಟ್ಟುಕೊಡಿ. ನಿಮ್ಮ ಹಾರ್ಮೋನಿಯಂನವರು ಕೈ ಬದಲಿಸಲು ಒಪ್ಪದಿದ್ದರೆ (ಒಪ್ಪುವುದಿಲ್ಲ, ನನಗೆ ಗೊತ್ತು) ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇರುತ್ತದೆ, ಬೆರಳು ಅಲ್ಲೇ ಇದ್ದು ಶ್ರುತಿ ಮಾತ್ರ ಸರಿಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ಎಲ್ಲರೂ ಒಂದೇ ಸಾಲನ್ನು ಒಂದೇ ಸ್ವರದಲ್ಲಿ ಹಾಡಬೇಕೆಂಬ ಹಟವನ್ನು ಬಿಡುವುದು. 1988ರಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಅವರು ಮದ್ರಾಸ್ ಯೂತ್ ಕಾಯರ್ ಎಂಬ ಗಾಯನ ವೃಂದ ಕಟ್ಟಿ, ಭಾರತೀಯ ಭಾಷೆಗಳ ಹಾಡುಗಳನ್ನೇ ಹಲವು ದನಿಗಳಿಗೆ ಹಂಚಿ ಹಾಡಿಸಿ ತೋರಿಸಿದರು. ಅಷ್ಟು ದೊಡ್ಡ ಸಾಹಸ ನಿಮಗೆ ಬೇಡ. ಪಲ್ಲವಿಯನ್ನು ಹಿರಿಯರ ತುಂಬು ದನಿಗೆ ಬಿಡಿ, ಮೇಲಕ್ಕೇರುವ ಚರಣವನ್ನು ಹೊಸಬರಿಗೆ ಕೊಡಿ. ಹಿರಿಯರಿಗೆ ಎರಡು ಸಾಲುಗಳ ನಡುವೆ ಉಸಿರೂ ಸಿಕ್ಕುತ್ತದೆ.

ಒಂದು ಸ್ವಂತ ಅನುಭವ ಹೇಳಬಹುದಾದರೆ, ಹತ್ತು ವರ್ಷದ ಹಿಂದೆ ನಾನೂ ಇಂಥದೊಂದು ವೃಂದಕ್ಕೆ ಹಾಡಲು ಹೋಗಿದ್ದೆ. ಅದರ ಹೆಸರು ಬೇಡ. ಹಿಂದಿನ ಸಾಲಿನ ಜಮಖಾನೆಯ ಅಂಚಿನಲ್ಲಿ ಕೂರಿಸಿದರು. ಉಳಿದ ಎಲ್ಲರಿಗೂ ಹಾಡು ಬಾಯಿಪಾಠವಾಗಿದ್ದುದರಿಂದ ಸಾಹಿತ್ಯದ ಹಾಳೆ ಯಾರ ಬಳಿಯೂ ಇರಲಿಲ್ಲ. ನಾನು ಪ್ರತಿ ಸಾಲಿನ ಕೊನೆಯ ಎರಡು ಅಕ್ಷರಗಳನ್ನು ಮಾತ್ರ ಹಾಡಿ ಬಂದೆ. ಕಾಫಿಯ ಹೊತ್ತಿನಲ್ಲಿ ಅವರೆಲ್ಲ 1994ರ ಯಾವುದೋ ಪ್ರವಾಸವನ್ನು ನೆನೆದು ನಗುತ್ತಿದ್ದರು, ಒಳ್ಳೆಯ ಜನ, ನನ್ನ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ. ಎರಡನೆಯ ವಾರ ನಾನು ಹೋಗಲಿಲ್ಲ. ಆದ್ದರಿಂದ ಕೇಳುತ್ತೇನೆ: ನಿಮ್ಮಲ್ಲಿ ಹಾಡಿನ ಪುಸ್ತಕ ಇದೆಯೆ? ಇದ್ದರೆ ಅದು ಇಪ್ಪತ್ತು ಜನಕ್ಕೆ ಜೆರಾಕ್ಸ್ ಆಗಿದೆಯೆ? ಧಾಟಿಯನ್ನು ಯಾರಾದರೂ ಫೋನಿನಲ್ಲಿ ಹಾಡಿ ಧ್ವನಿಮುದ್ರಿಸಿ ಇಟ್ಟಿದ್ದೀರಾ? ನಿಮ್ಮ ಅರ್ಧದಷ್ಟು ಹಾಡುಗಳಿಗೆ ರಾಗಸಂಯೋಜನೆ ಮಾಡಿದವರು ನಿಮ್ಮ ವೃಂದದವರೇ ಎಂದೂ ಅವರೀಗ ಇಲ್ಲವೆಂದೂ ಬರೆದಿದ್ದೀರಿ. ಹಾಗಿದ್ದರೆ ಆ ಧಾಟಿಗಳು ಇರುವುದು ಈ ಹದಿಮೂರು ನೆನಪುಗಳಲ್ಲಿ ಮಾತ್ರ. ಹೊಸಬರು ಬರಲಿ ಬಿಡಲಿ, ಆ ಕೆಲಸವನ್ನು ಈ ತಿಂಗಳೇ ಮಾಡಿ.

ಕರೆಯುವ ಬಗೆಯೂ ಬದಲಾಗಬೇಕು. "ಸದಸ್ಯರು ಬೇಕಾಗಿದ್ದಾರೆ" ಎಂಬ ಭಿತ್ತಿಪತ್ರವನ್ನು ಓದಿದವರಿಗೆ ವಂತಿಗೆ, ಸಭೆ, ಪದಾಧಿಕಾರಿಗಳ ಜಗಳ ಇವೇ ನೆನಪಾಗುತ್ತವೆ. ಅದರ ಬದಲು ಏನನ್ನಾದರೂ ಕಲಿಸುತ್ತೇವೆಂದು ಕರೆಯಿರಿ. ನಾಡಗೀತೆಯನ್ನೇ ನೋಡಿ: 2004ರಲ್ಲಿ ಅದು ನಾಡಗೀತೆಯಾಯಿತು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ನವೆಂಬರ್ ಬಂತೆಂದರೆ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿಗಳ ಕನ್ನಡ ಬಳಗಗಳಲ್ಲಿ ಅದನ್ನು ಸರಿಯಾದ ಧಾಟಿಯಲ್ಲಿ, ಸರಿಯಾದ ಅವಧಿಯಲ್ಲಿ ಹಾಡುವವರಿಗೆ ಹುಡುಕಾಟ ನಡೆಯುತ್ತದೆ. ಅಕ್ಟೋಬರಿನ ನಾಲ್ಕು ಭಾನುವಾರ ನಾಡಗೀತೆ ಮತ್ತು ಎರಡು ಭಾವಗೀತೆಗಳನ್ನು ಕಲಿಸುತ್ತೇವೆ, ಸೇರಬೇಕೆಂಬ ಒತ್ತಾಯವಿಲ್ಲ ಎಂದು ತಿಳಿಸಿ. ಧ್ವನಿ ಪರೀಕ್ಷೆ ಬೇಡ. ಗಟ್ಟಿಯಾಗಿ ಹಾಡುವ ಇಬ್ಬರ ನಡುವೆ ಒಬ್ಬ ಹೊಸಬರನ್ನು ನಿಲ್ಲಿಸಿದರೆ ಸಾಕು. ನವೆಂಬರಿನಲ್ಲಿ ಅವರನ್ನೂ ವೇದಿಕೆ ಹತ್ತಿಸಿ, ಮುಂದಿನ ಸಾಲಿನಲ್ಲಿ. ಇಪ್ಪತ್ತು ಜನ ಬಂದರೆ ಐವರು ಉಳಿದಾರು. ನಿಮಗೆ ಬೇಕಾಗಿರುವುದೂ ವರ್ಷಕ್ಕೆ ಐವರೇ.

ನಿಮ್ಮ ಅಧ್ಯಕ್ಷರಿಗೆ ಶ್ರುತಿ ಬದಲಿಸುವ ಮಾತು ರುಚಿಸದಿರಬಹುದು. ಈ ಪುಟವನ್ನು ಅವರಿಗೆ ತೋರಿಸಿ, ಬೈಗುಳವನ್ನು ನಮ್ಮ ವಿಳಾಸಕ್ಕೆ ಕಳಿಸಲು ಹೇಳಿ. ಭಾನುವಾರದ ಅಭ್ಯಾಸದ ಸ್ಥಳ ಮತ್ತು ವೇಳೆ ಗೊತ್ತಾದ ಕೂಡಲೇ ಬರೆಯಿರಿ. ಸೆಪ್ಟೆಂಬರ್ ಸಂಚಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ. ಹಿಂದಿನ ಸಾಲಿನಲ್ಲಿ ಒಬ್ಬರಿಗೆ ಜಾಗವಿದ್ದರೆ, ಸಾಹಿತ್ಯದ ಹಾಳೆಯನ್ನು ಮೊದಲೇ ಕಳಿಸಿಕೊಟ್ಟರೆ, ನಾನೂ ಬರುತ್ತೇನೆ.

ಸಂಪಾದಕ