ಹೆಚ್ಚು ದಿನ ಕಾದರೆ ಅಲೆ ಸಿಕ್ಕೀತೇ?

ಮಾನ್ಯರೇ, ನಮಸ್ಕಾರ.

ನಿರಂತರ ಗುರುತ್ವ ಅಲೆಗಳ (ನಿಲ್ಲದೆ ಬರುವ, ದೇಶ-ಕಾಲದ ಕಿರುಕಂಪನಗಳ) ಬಗ್ಗೆ ಬೀದರಿನಿಂದ ಬರೆದಿದ್ದೀರಿ: 'ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ ಬಿಡದೆ ಅಲೆ ಹೊಮ್ಮಿಸುವುದಾದರೆ, ವರ್ಷಗಟ್ಟಲೆ ದತ್ತಾಂಶ ಕೂಡಿಸಿದಾಗ ಅದು ಸಿಗಲೇಬೇಕಲ್ಲ? ಬಿ.ಎಸ್ಸಿ. ಮಕ್ಕಳಿಗೆ ಇದನ್ನು ಹೇಗೆ ತೋರಿಸಲಿ?'

ಕೂಡಿಸಿದರೆ ಲಾಭವಿದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ. ದತ್ತಾಂಶ 4 ಪಟ್ಟಾದರೆ ಗುರುತಿಸಬಲ್ಲ ಕನಿಷ್ಠ ಪಾರ (ಅಲೆಯ ಎತ್ತರ) ಅರ್ಧಕ್ಕಿಳಿಯುತ್ತದೆ. ಅದೂ ಕೊನೆಯವರೆಗೆ ಪ್ರಾವಸ್ಥೆ (ಅಲೆಯ ಏರಿಳಿತದ ಹೆಜ್ಜೆ) ತಪ್ಪದಿದ್ದರೆ. ತಪ್ಪಿಸುವುದು ಸೂರ್ಯನ ಸುತ್ತ ಭೂಮಿಯ ಓಟ: ಓಟದ ದಿಕ್ಕು ಬದಲಾದಂತೆ ನಮಗೆ ತಲುಪುವ ಆವೃತ್ತಿಯೂ ಏರಿಳಿಯುತ್ತದೆ (ಡಾಪ್ಲರ್ ಪರಿಣಾಮ). ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಿಂದಾಗಿ 100 ಹರ್ಟ್ಸ್ ಸಂಕೇತ ವರ್ಷದೊಳಗೆ 0.01 ಹರ್ಟ್ಸ್‌ನಷ್ಟು ಆಚೀಚೆ ಸರಿಯಬಲ್ಲದು. ಒಂದು ವರ್ಷದ ದತ್ತಾಂಶದಲ್ಲಿ ಆವೃತ್ತಿಯ ಒಂದು ಖಾನೆಯ ಅಗಲ ಸುಮಾರು 0.00000003 ಹರ್ಟ್ಸ್ ಮಾತ್ರ. ಎಂದರೆ ಸಂಕೇತ 6 ಲಕ್ಷ ಖಾನೆಗಳಿಗೆ ಹರಡಿ ಗದ್ದಲದಲ್ಲಿ ಮುಳುಗುತ್ತದೆ.

ಪರಿಚಿತ ಪಲ್ಸಾರ್ (ರೇಡಿಯೋ ಮಿಡಿತ ಕಳಿಸುವ, ತಿರುಗುವ ನ್ಯೂಟ್ರಾನ್ ನಕ್ಷತ್ರ) ಆದರೆ ರೇಡಿಯೋ ಅಳತೆ ನೋಡಿ ಇದನ್ನು ತಿದ್ದಬಹುದು. ದಿಕ್ಕೇ ಗೊತ್ತಿಲ್ಲದಿದ್ದರೆ ಇಡೀ ಆಕಾಶದ ಒಂದೊಂದು ಬಿಂದುವಿಗೂ ಬೇರೆ ತಿದ್ದುಪಡಿ ಬೇಕು, ಅಷ್ಟು ಗಣಕಶಕ್ತಿ ಎಲ್ಲೂ ಇಲ್ಲ. ಆದ್ದರಿಂದ ದತ್ತಾಂಶವನ್ನು ತುಂಡು ಮಾಡಿ, ಪ್ರಾವಸ್ಥೆ ಬಿಟ್ಟು ಶಕ್ತಿಯನ್ನಷ್ಟೇ ಕೂಡಿಸುತ್ತಾರೆ. ಇದಕ್ಕೆ ತೆರುವ ಬೆಲೆ ದೊಡ್ಡದು: ತುಂಡಿನ ಉದ್ದ ಬದಲಿಸದೆ ದತ್ತಾಂಶ 16 ಪಟ್ಟು ಮಾಡಿದರೂ ಸೂಕ್ಷ್ಮತೆ 2 ಪಟ್ಟು ಮಾತ್ರ. ನಮ್ಮ ದೃಷ್ಟಿಯಲ್ಲಿ ನಿಜವಾದ ಜಾಣತನ ಮುಂದಿನ ಹಂತದಲ್ಲಿದೆ. ಮೊದಲ ಸುತ್ತಿನಲ್ಲಿ ಹೊಸ್ತಿಲು ತಗ್ಗಿಸಿ ಸುಳ್ಳು ಅಭ್ಯರ್ಥಿಗಳನ್ನೂ ಒಳಬಿಡಬೇಕು, ಉಳಿದವನ್ನಷ್ಟೇ ಉದ್ದದ ತುಂಡುಗಳಲ್ಲಿ ಮತ್ತೆ ಜರಡಿ ಹಿಡಿಯಬೇಕು. ನಿಜ ಸಂಕೇತವಾದರೆ ಉದ್ದ ಹೆಚ್ಚಿದಂತೆ ಬಲಗೊಳ್ಳುತ್ತದೆ.

ಯಂತ್ರದ್ದೇ ಗೆರೆಗಳು (ಒಂದೇ ಆವೃತ್ತಿಯಲ್ಲಿ ನಿಲ್ಲುವ ಗದ್ದಲ) ಇನ್ನೊಂದು ಕಾಟ. ಅಮೆರಿಕದ ಗುರುತ್ವ ಅಲೆ ಶೋಧಕ ಲೈಗೋದಲ್ಲಿ ವಿದ್ಯುತ್ತಿನ 60 ಹರ್ಟ್ಸ್ ಗೆರೆಯಿದೆ, ಕ್ರ್ಯಾಬ್ ಪಲ್ಸಾರಿನ ಅಲೆ ನಿರೀಕ್ಷಿಸುವುದು ಅದರ ಪಕ್ಕದಲ್ಲೇ, 59ರ ಆಸುಪಾಸು. ನಿಮ್ಮ ನೆರೆಯ ಮರಾಠವಾಡದ ಔಂಢಾದಲ್ಲಿ, ಹಿಂಗೋಲಿ ಜಿಲ್ಲೆಯಲ್ಲಿ, ಲೈಗೋ-ಇಂಡಿಯಾ ಬಂದರೆ ನಮ್ಮ ವಿದ್ಯುತ್ತು 50 ಹರ್ಟ್ಸ್, ಆ ಜಾಗ ಅಲ್ಲಿ ಕೆಡುವುದಿಲ್ಲ. ಯೋಜನೆಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಮಕ್ಕಳಿಗೆ ಪೈಥಾನ್ ಸಾಕು. ಪ್ರಮಾಣ ವಿಚಲನೆ 1 ಇರುವ ಗದ್ದಲದ 10,000 ಬಿಂದುಗಳಿಗೆ 0.1 ಪಾರದ ಸೈನ್ ಅಲೆ ಸೇರಿಸಿ, ಆವೃತ್ತಿ ಬಿಂದುವಿಗೆ 0.2 ಸುತ್ತು. ಫೂರಿಯೇ ರೂಪಾಂತರದಲ್ಲಿ (ದತ್ತಾಂಶವನ್ನು ಆವೃತ್ತಿವಾರು ಬಿಡಿಸುವ ಲೆಕ್ಕ) ಶಿಖರ ಎದ್ದು ಕಾಣುತ್ತದೆ. ಈಗ ಆವೃತ್ತಿಯನ್ನು ಮೆಲ್ಲಗೆ 0.1995ರಿಂದ 0.2005ಕ್ಕೆ ಸರಿಸಿದರೆ ಅದು ಕಾಣೆಯಾಗುತ್ತದೆ. ಅದೇ ದತ್ತಾಂಶವನ್ನು 625 ಬಿಂದುಗಳ 16 ತುಂಡು ಮಾಡಿ ಶಕ್ತಿ ಕೂಡಿಸಿ: 125ನೇ ಖಾನೆಯಲ್ಲಿ ಶಿಖರ ಮರಳುತ್ತದೆ. ಖಾನೆಗಳನ್ನು ಸೊನ್ನೆಯಿಂದ ಎಣಿಸಲು ಹೇಳಿ.

— ಸಂಪಾದಕ